ಕೋಳಿಗಿಂತ ಮೊದಲು ಜಾಲಿ ಮರ

2023ರ ಜುಲೈನ ಒಂದು ಮಧ್ಯಾಹ್ನ ನನ್ನ ಎರಡು ಕೋಳಿ ಸತ್ತವು. ಕಾಯಿಲೆ ಇರಲಿಲ್ಲ. ಕಾಡುಪ್ರಾಣಿ ಬಂದಿರಲಿಲ್ಲ. ಬಿಸಿಲಿಗೆ ಸತ್ತವು. ನಾನು ಮನೆಯೊಳಗೆ ಎಸಿ ಹಾಕಿಕೊಂಡು ಆಫೀಸಿನ ಮೀಟಿಂಗ್‌ನಲ್ಲಿ ಕೂತಿದ್ದೆ. ಮೂರೂವರೆಗೆ ಹಿತ್ತಲಿಗೆ ಹೋದರೆ ಎರಡೂ ಗೂಡಿನ ಮೂಲೆಯಲ್ಲಿ ರೆಕ್ಕೆ ಹರಡಿಕೊಂಡು ಬಿದ್ದಿದ್ದವು. ಉಳಿದ ನಾಲ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

ನಮ್ಮ ಮನೆ ಅರಿಜೋನಾದ ಮೇಸಾದಲ್ಲಿದೆ. ಫೀನಿಕ್ಸ್‌ಗೆ ಅಂಟಿಕೊಂಡ ಊರು, ಸೊನೋರಾ ಮರುಭೂಮಿಯ ಒಳಗಿದೆ. ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ಕಡೆ. ಹಾಗಾಗಿ ಬಿಸಿಲು ನನಗೆ ಹೊಸದಲ್ಲ ಅಂದುಕೊಂಡಿದ್ದೆ. ನಮ್ಮಜ್ಜಿ ಮನೆ ಮುಂದೆ ಹತ್ತು ಹನ್ನೆರಡು ನಾಟಿ ಕೋಳಿ ಸಾಕುತ್ತಿದ್ದಳು. ಬೆಳಗ್ಗೆ ಬಿಡೋದು, ಒಂದು ಹಿಡಿ ನುಚ್ಚು ಎರಚೋದು, ಸಂಜೆ ಮಂಕರಿ ಕೆಳಗೆ ಮುಚ್ಚೋದು. ಅಷ್ಟೇ ಕೆಲಸ. ಮಧ್ಯಾಹ್ನ ಕೋಳಿಗಳು ಎಲ್ಲಿರುತ್ತವೆ ಅಂತ ನಾವು ಯಾವತ್ತೂ ನೋಡಿದ್ದೇ ಇಲ್ಲ. ಅವು ಬೇಲಿ ಸಾಲಿನ ಜಾಲಿ ಗಿಡದ ಬುಡದಲ್ಲಿ, ಮಣ್ಣು ಕೆದರಿಕೊಂಡು ತಣ್ಣಗೆ ಮಲಗಿರುತ್ತಿದ್ದವು. ಅಜ್ಜಿಯ ಕೋಳಿ ಸಾಕಾಣಿಕೆಯಲ್ಲಿ ಅರ್ಧ ಕೆಲಸ ಆ ನೆರಳು ಮಾಡುತ್ತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಮೇಸಾದಲ್ಲಿ ಎರಡು ಕೋಳಿ ಕಳೆದುಕೊಂಡ ಮೇಲೆ.

ಆ ಬೇಸಿಗೆ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಜುಲೈ 19ರಂದು ಬೆಳಗಿನ ಜಾವಕ್ಕೂ ಉಷ್ಣಾಂಶ 36 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಹಗಲಿನ ಬಿಸಿಲಿಗಿಂತ ರಾತ್ರಿಯ ಈ ಬಿಸಿ ಕೋಳಿಗೆ ಕೆಟ್ಟದ್ದು. ಕೋಳಿಯ ಮೈ ಶಾಖ ಸುಮಾರು 41 ಡಿಗ್ರಿ. ಅದಕ್ಕೆ ಬೆವರು ಬರುವುದಿಲ್ಲ. ಜುಟ್ಟು, ಜೋಲುಗಳಿಂದ ಒಂದಿಷ್ಟು ಬಿಸಿ ಹೊರಗೆ ಹೋಗುತ್ತದೆ, ಉಳಿದದ್ದು ಉಸಿರಿನಿಂದಲೇ ಹೋಗಬೇಕು. ಸುತ್ತಲಿನ ಗಾಳಿಯೇ ಅದರ ಮೈಗಿಂತ ಬಿಸಿಯಾದಾಗ ಏದುಸಿರು ಬಿಟ್ಟು ಬಾಯಿಯ ತೇವ ಆರಿಸಿಕೊಳ್ಳುವುದು ಬಿಟ್ಟರೆ ಬೇರೆ ದಾರಿ ಇಲ್ಲ. ರಾತ್ರಿಯಾದರೂ ತಣ್ಣಗಾದರೆ ಅದು ಸುಧಾರಿಸಿಕೊಳ್ಳುತ್ತದೆ. ಆ ಜುಲೈನಲ್ಲಿ ಅದಕ್ಕೂ ಬಿಡುವು ಸಿಗಲಿಲ್ಲ.

ಈಗ ನನ್ನ ತಪ್ಪುಗಳನ್ನು ಹೇಳುತ್ತೇನೆ. ಮೊದಲನೆಯದು ತಳಿ. 2022ರ ಫೆಬ್ರವರಿಯಲ್ಲಿ ಮೇವಿನ ಅಂಗಡಿಯಲ್ಲಿ ಆರು ಮರಿ ತಂದೆ. ಅದರಲ್ಲಿ ಮೂರು ಬಫ್ ಆರ್ಪಿಂಗ್ಟನ್. ಬಂಗಾರದ ಬಣ್ಣ, ಮೈ ತುಂಬಾ ಉಬ್ಬಿದ ಪುಕ್ಕ, ಮಕ್ಕಳು ಎತ್ತಿಕೊಂಡರೂ ಸುಮ್ನೆ ಇರುವ ಸಾಧು ಕೋಳಿ. ಆದರೆ ಅದು ಇಂಗ್ಲೆಂಡಿನ ಚಳಿಯ ತಳಿ. ಸತ್ತ ಎರಡೂ ಅವೇ. ಎರಡು ಬಿಳಿ ಲೆಗಾರ್ನ್ ಮತ್ತು ಒಂದು ರೋಡ್ ಐಲ್ಯಾಂಡ್ ರೆಡ್ ಬದುಕಿದವು. ಲೆಗಾರ್ನ್ ತೆಳ್ಳಗಿನ ಮೈ, ದೊಡ್ಡ ಜುಟ್ಟಿನ ಕೋಳಿ. ಆ ಜುಟ್ಟು ಚಂದಕ್ಕಷ್ಟೇ ಅಲ್ಲ, ರಕ್ತದ ಬಿಸಿಯನ್ನು ಹೊರಗೆ ಹಾಕುವ ಜಾಗ. ಮರುಭೂಮಿಗೆ ಕೋಳಿ ಆರಿಸುವಾಗ ನಾನು ಈಗ ಮೊದಲು ನೋಡುವುದು ಜುಟ್ಟು, ಆಮೇಲೆ ಪುಕ್ಕ, ಕೊನೆಗೆ ಬಣ್ಣ. 2024ರ ಅಕ್ಟೋಬರ್‌ನಲ್ಲಿ ಎರಡು ಫಯೂಮಿ ಮರಿ ತರಿಸಿದೆ. ಈಜಿಪ್ಟಿನ ಫಯೂಮ್ ಕಡೆಯ ಹಳೇ ತಳಿ. ಚಿಕ್ಕ ಮೊಟ್ಟೆ, ಕೈಗೆ ಸಿಗದ ಸ್ವಭಾವ. ಆದರೆ ಬಿಸಿಲಿಗೆ ಅವುಗಳಷ್ಟು ಗಟ್ಟಿಯಾದ ಕೋಳಿ ನನ್ನ ಹಿತ್ತಲಲ್ಲಿ ಇನ್ನೊಂದಿಲ್ಲ. ಓಡಾಟ ನೋಡಿದರೆ ಅಜ್ಜಿಯ ನಾಟಿ ಕೋಳಿಗಳೇ ನೆನಪಾಗುತ್ತವೆ.

ಆ ಎರಡು ಮರಿ ಅಂಚೆಯಲ್ಲಿ ಬಂದವು ಅಂದರೆ ಅಮ್ಮ ಇವತ್ತಿಗೂ ನಂಬುವುದಿಲ್ಲ. ಅಮೆರಿಕದಲ್ಲಿ ಇದು ನೂರು ವರ್ಷಕ್ಕೂ ಹಳೇ ಪದ್ಧತಿ. ಮರಿ ಮೊಟ್ಟೆ ಒಡೆಯುವ ಮುಂಚೆ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದರ ಬಲದ ಮೇಲೆ ಎರಡು ಮೂರು ದಿನ ನೀರು, ಕಾಳು ಇಲ್ಲದೆ ಬದುಕಬಲ್ಲದು. ಅಂಚೆ ಕಚೇರಿಯವರು ಬೆಳಗ್ಗೆ ಆರಕ್ಕೆ ಫೋನ್ ಮಾಡಿ "ನಿಮ್ಮ ಡಬ್ಬಿ ಕೂಗ್ತಿದೆ, ಬೇಗ ಬನ್ನಿ" ಅಂದರು. ನಾನು ಮತ್ತು ಪಕ್ಕದ ಮನೆಯವರು ಸೇರಿ ತರಿಸಿದ್ದ ಮರಿಗಳು. ನನ್ನ ಪಾಲಿಗೆ ಎರಡು.

ಎರಡನೇ ತಪ್ಪು ಗೂಡು. ಕೊಂಡುತಂದ ಮರದ ಗೂಡು ಅದು. ಮೂರು ಕಡೆ ಹಲಗೆ, ಮೇಲೆ ತಗಡು. ಹಿಮ ಬೀಳುವ ಊರಿಗೆ ಸರಿ. ಇಲ್ಲಿ ಅದು ಒಲೆ. ಈಗಿನ ಗೂಡಿಗೆ ಗೋಡೆಯೇ ಇಲ್ಲ. ನಾಲ್ಕೂ ಕಡೆ ಅರ್ಧ ಇಂಚಿನ ಕಣ್ಣಿನ ಗಟ್ಟಿ ತಂತಿ ಜಾಲರಿ. ಮಾಮೂಲಿ ಕೋಳಿ ಜಾಲರಿ ಬೇಡ, ಕೊಯೋಟಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ. ಕೊಯೋಟಿ ಅಂದರೆ ತೋಳದ ಜಾತಿಯ ಪ್ರಾಣಿ, ನರಿಗಿಂತ ದೊಡ್ಡದು. ಇಲ್ಲಿ ರಾತ್ರಿ ಬೀದಿಯಲ್ಲೇ ಓಡಾಡುತ್ತದೆ. ಅದು ತೋಡಿ ಒಳಗೆ ಬರದ ಹಾಗೆ ಗೂಡಿನ ಸುತ್ತ ಎರಡಡಿ ಅಗಲಕ್ಕೆ ಜಾಲರಿಯನ್ನು ನೆಲದ ಮೇಲೂ ಹಾಸಿ ಮಣ್ಣು ಮುಚ್ಚಿದ್ದೇನೆ. ಒಂದು ಬೆಳಗ್ಗೆ ಕೆದರಿದ ಗುರುತು ಕಂಡಿತು. ಜಾಲರಿ ಸಿಕ್ಕಿ ಅಲ್ಲಿಗೇ ಬಿಟ್ಟು ಹೋಗಿತ್ತು. ಹಾವು, ಇಲಿಗೂ ಅರ್ಧ ಇಂಚಿನ ಕಣ್ಣು ತಡೆ. ತಗಡಿನ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು ಚಪ್ಪರ ಕಟ್ಟಿ ತಾಳೆ ಗರಿ ಹೊದಿಸಿದೆ. ಮಧ್ಯದ ಸಂದಿಯಲ್ಲಿ ಗಾಳಿ ಆಡುತ್ತದೆ. ಮಧ್ಯಾಹ್ನ ತಗಡಿನ ಕೆಳಭಾಗ ಮುಟ್ಟಿದರೆ ಕೈ ಸುಡುವುದಿಲ್ಲ ಈಗ.

ನೀರಿನ ವಿಚಾರ ಇನ್ನೂ ಮುಖ್ಯ. ನಾನು ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯ ನೀರಿನ ಮೇಲೆ ಮಧ್ಯಾಹ್ನ ಬಿಸಿಲು ಬೀಳುತ್ತಿತ್ತು. ನೀರು ಬಿಸಿಯಾದರೆ ಕೋಳಿ ಕುಡಿಯುವುದು ನಿಲ್ಲಿಸುತ್ತದೆ. ಡಬ್ಬಿ ತುಂಬಾ ನೀರಿದ್ದೂ ಬಾಯಾರಿ ಸತ್ತವು ನನ್ನ ಕೋಳಿಗಳು. ಇದನ್ನು ಬರೆಯುವಾಗಲೂ ಮನಸ್ಸಿಗೆ ನೋವಾಗುತ್ತದೆ. ಸಾಮಾನ್ಯ ದಿನ ಕಾಲು ಲೀಟರ್ ಕುಡಿಯುವ ಕೋಳಿ ಜೂನ್‌ನಲ್ಲಿ ಅರ್ಧ ಲೀಟರ್ ದಾಟುತ್ತದೆ. ಈಗ ಮೂರು ಕಡೆ ಮಣ್ಣಿನ ಅಗಲ ತಟ್ಟೆ ಇಟ್ಟಿದ್ದೇನೆ, ಗಿಡದ ಕುಂಡದ ಕೆಳಗೆ ಇಡುವಂಥವು. ಮೆರುಗು ಹಾಕಿರಬಾರದು. ನಮ್ಮ ಮಡಕೆಯ ಹಾಗೆ ಅದು ಬೆವರಿ ನೀರನ್ನು ತಣ್ಣಗಿಡುತ್ತದೆ. ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ, ಐದಕ್ಕೆ ಒಮ್ಮೆ ನೀರು ಬದಲಿಸುತ್ತೇನೆ. ಮೀಟಿಂಗ್ ಇದ್ದರೂ ಎದ್ದು ಹೋಗುತ್ತೇನೆ.

2024ರ ಬೇಸಿಗೆಗೆ ಅಮ್ಮ ಬಂದಿದ್ದಳು. ಹಿತ್ತಲಲ್ಲಿ ನಾನು ಹಾಕಿಸಿದ್ದ ಫ್ಯಾನು ನೋಡಿ, "ಅಲ್ಲ ಕಣೇ, ಕೆಂಡದ ಮೇಲಿನ ಗಾಳಿನ ಅವುಗಳ ಮುಖಕ್ಕೆ ಬೀಸಿದ್ರೆ ತಣ್ಣಗಾಗ್ತಾವಾ? ಗೋಣಿಚೀಲ ಒದ್ದೆ ಮಾಡಿ ಕಟ್ಟು" ಅಂದಳು. ಅವಳು ಹೇಳಿದ್ದು ಸರಿ. 44 ಡಿಗ್ರಿಯಲ್ಲಿ ಬರೀ ಫ್ಯಾನು ಉಪಯೋಗವಿಲ್ಲ. ಕಾಫಿ ಹುರಿಯುವ ಅಂಗಡಿಯಿಂದ ಖಾಲಿ ಗೋಣಿಚೀಲ ತಂದು ಪಶ್ಚಿಮದ ಜಾಲರಿಗೆ ಕಟ್ಟಿದೆವು. ಮೇಲೆ ಹನಿ ನೀರಾವರಿ ಪೈಪು ಎಳೆದು ಟೈಮರ್ ಇಟ್ಟೆ. ಜೂನ್‌ನ ಒಣ ಗಾಳಿಯಲ್ಲಿ ಇದು ಅದ್ಭುತವಾಗಿ ಕೆಲಸ ಮಾಡುತ್ತದೆ. ಫ್ಯಾನಿನ ಗಾಳಿ ಒದ್ದೆ ಗೋಣಿಯ ಮೂಲಕ ಬಂದರೆ ನಮಗೇ ಅಲ್ಲಿ ಕೂರೋಣ ಅನ್ನಿಸುತ್ತದೆ. ಆದರೆ ಜುಲೈನಲ್ಲಿ ಮುಂಗಾರು ಶುರುವಾಗುತ್ತದೆ. ಹೌದು, ಇಲ್ಲೂ ಮುಂಗಾರಿದೆ. ದಕ್ಷಿಣದಿಂದ ತೇವದ ಗಾಳಿ ಬರುತ್ತದೆ, ಸಂಜೆ ದೂಳಿನ ಗೋಡೆಯೇ ಎದ್ದು ಬರುತ್ತದೆ, ಮಳೆ ಬಂದರೆ ಬಂತು. ಗಾಳಿಯಲ್ಲಿ ತೇವ ಇದ್ದ ಮೇಲೆ ಗೋಣಿಯ ನೀರು ಆರುವುದಿಲ್ಲ, ತಂಪೂ ಆಗುವುದಿಲ್ಲ. ಆಗ ಕೈ ಹಿಡಿಯುವುದು ನೆರಳು ಒಂದೇ. ಜೊತೆಗೆ ಒದ್ದೆ ನೆಲ.

ಅದಕ್ಕೇ ಮರದ ಮಾತಿಗೆ ಬರುತ್ತೇನೆ.

ಊರಲ್ಲಿ ಬಳ್ಳಾರಿ ಜಾಲಿಯನ್ನು ಬೈಯದ ರೈತರಿಲ್ಲ. ಕೆರೆ ಅಂಗಳ, ಗೋಮಾಳ ಎಲ್ಲಾ ನುಂಗಿದ ಮರ ಅದು. ಅದರ ಮೂಲ ಅಮೆರಿಕ ಖಂಡ. ಇಲ್ಲಿ ಅದರ ಹತ್ತಿರದ ಬಂಧು ಮೆಸ್ಕೀಟ್ ಹುಟ್ಟೂರಿನ ಮರವಾಗಿ ನಿಂತಿದೆ. ಅದೇ ಚಿಕ್ಕ ಎಲೆ, ಅದೇ ಮುಳ್ಳು, ಅದೇ ಸಿಹಿ ಕಾಯಿ. ಇಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಅದರ ಕಾಯಿ ಕುಟ್ಟಿ ಹಿಟ್ಟು ಮಾಡಿ ಉಂಡಿದ್ದಾರೆ. ಮೆಕ್ಸಿಕೋ ಮೂಲದ ಪಕ್ಕದ ಮನೆಯ ಹಿರಿಯರು ಸತ್ತ ಕೋಳಿಗಳನ್ನು ಹೂಳಲು ಬಂದಿದ್ದರು. "ನೀನು ಕೋಳಿ ಮೊದಲು ತಂದೆ, ಮರ ಮೊದಲು ನೆಡಬೇಕಿತ್ತು" ಅಂದರು. ಅವರ ಹಿತ್ತಲಲ್ಲಿ ದೊಡ್ಡ ಮೆಸ್ಕೀಟ್ ಇದೆ. ಅದರ ಬುಡದ ಅವರ ಕೋಳಿಗಳು ಆ ಮಧ್ಯಾಹ್ನವೂ ಚೆನ್ನಾಗಿದ್ದವು.

ಕೋಳಿ ಸತ್ತ ವರ್ಷವೇ, 2023ರ ಅಕ್ಟೋಬರ್‌ನಲ್ಲಿ, ಗೂಡಿನ ಪಶ್ಚಿಮಕ್ಕೆ ಎರಡು ಮೆಸ್ಕೀಟ್ ನೆಟ್ಟೆವು. ಒಂದಡಿ ತೋಡುವಷ್ಟರಲ್ಲಿ ಕಲೀಚಿ ಸಿಕ್ಕಿತು. ಸುಣ್ಣ ಗಟ್ಟಿಯಾಗಿ ಸಿಮೆಂಟಿನ ಹಾಗೆ ಕೂತ ಪದರ ಅದು. ಹಾರೆ ಹಿಡಿದು ನನ್ನ ಗಂಡ ಎರಡು ದಿನ ಒಡೆದರು. ಇಲ್ಲಿ ಒಣ ಮಣ್ಣು ಅಗೆಯುವ ಮುಂಚೆ ನೆನೆಸಬೇಕು, ಮಾಸ್ಕ್ ಹಾಕಬೇಕು. ಮಣ್ಣಿನ ದೂಳಿನಲ್ಲಿರುವ ಒಂದು ಶಿಲೀಂಧ್ರದಿಂದ ವ್ಯಾಲಿ ಫೀವರ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೋಳಿ ಗೂಡು ಗುಡಿಸುವಾಗಲೂ ನಾನು ಈ ಎಚ್ಚರ ಬಿಡುವುದಿಲ್ಲ.

ಒಂದು ಮರ ನನ್ನ ತಪ್ಪಿನಿಂದ ಹೋಯಿತು. ದಿನಾ ಬುಡಕ್ಕೇ ಸ್ವಲ್ಪ ಸ್ವಲ್ಪ ನೀರು ಕೊಟ್ಟೆ. ಬೇರು ಆಳಕ್ಕೆ ಇಳಿಯಲೇ ಇಲ್ಲ. ಮೇಲೆ ಮಾತ್ರ ಜೋರಾಗಿ ಬೆಳೆದು 2024ರ ಆಗಸ್ಟ್‌ನ ಬಿರುಗಾಳಿಗೆ ಬುಡಮೇಲಾಯಿತು. ಇನ್ನೊಂದಕ್ಕೆ ಆಮೇಲೆ ನೀರಿನ ಪೈಪನ್ನು ಬುಡದಿಂದ ದೂರ ಸರಿಸಿದೆ. ಹತ್ತು ಹದಿನೈದು ದಿನಕ್ಕೊಮ್ಮೆ, ಆದರೆ ಆಳಕ್ಕೆ ಇಳಿಯುವಷ್ಟು ನೀರು. ಅದು ನಿಂತಿದೆ.

ಮರ ಬೆಳೆಯುವ ತನಕ ನೆರಳಿಗೆ ನುಗ್ಗೆ ಹಾಕಿದೆ. ನುಗ್ಗೆಗೆ ಈ ಊರು ಎಷ್ಟು ಹಿಡಿಸಿದೆ ಅಂದರೆ ಏಪ್ರಿಲ್‌ನಲ್ಲಿ ಬೀಜ ಹಾಕಿದರೆ ಅಕ್ಟೋಬರ್‌ಗೆ ಮನೆಯ ಸೂರು ಮುಟ್ಟುತ್ತದೆ. ಚಳಿಗಾಲದ ಮಂಜಿಗೆ ತುದಿ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಕಾಯಿ ನಮಗೆ, ಸೊಪ್ಪು ಕೋಳಿಗೆ. ಸೊಪ್ಪು ತಿಂದ ವಾರದಲ್ಲಿ ಮೊಟ್ಟೆಯ ಹಳದಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೋಳಿ ಗೊಬ್ಬರ ಆರು ತಿಂಗಳು ಕೊಳೆತ ಮೇಲೆ ನುಗ್ಗೆ, ಕರಿಬೇವು, ಬದನೆ ಬುಡಕ್ಕೆ ಹೋಗುತ್ತದೆ. ಒಂದು ಮಾತು: ಇಲ್ಲಿನ ಒಣ ಹವೆಯಲ್ಲಿ ಗೊಬ್ಬರ ತಾನಾಗಿ ಕೊಳೆಯುವುದಿಲ್ಲ, ಸುಮ್ನೆ ಒಣಗಿ ಪುಡಿಯಾಗುತ್ತದೆ. ಗುಂಡಿಗೆ ವಾರಕ್ಕೆರಡು ಸಲ ನೀರು ಹಾಕಬೇಕು.

ಬೇಸಿಗೆಯಲ್ಲಿ ಆಹಾರದ ಹೊತ್ತೂ ಬದಲಾಗಬೇಕು. ಕಾಳು ಅರಗುವಾಗ ಮೈಯಲ್ಲಿ ಬಿಸಿ ಹುಟ್ಟುತ್ತದೆ. ಅದಕ್ಕೆ ಬೆಳಗ್ಗೆ ಐದಕ್ಕೆ ಮೇವು ಇಟ್ಟು ಒಂಬತ್ತಕ್ಕೆ ತೆಗೆದುಬಿಡುತ್ತೇನೆ. ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ. ಜುಲೈನಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ, ಚಿಪ್ಪು ತೆಳ್ಳಗಾಗುತ್ತದೆ. ಏದುಸಿರು ಬಿಟ್ಟು ಬಿಟ್ಟು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಚಿಪ್ಪು ಕಟ್ಟಲು ಬೇಕಾದದ್ದು ಅದರಿಂದಲೇ ಬರಬೇಕು. ಸಿಂಪಿ ಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡುತ್ತೇನೆ, ಬೇಕಾದಷ್ಟು ಅವೇ ಆರಿಸಿ ತಿನ್ನುತ್ತವೆ. ಆದರೂ ತೆಳು ಚಿಪ್ಪು ಪೂರ್ತಿ ಹೋಗುವುದಿಲ್ಲ. ಮೊಟ್ಟೆ ಹೆಚ್ಚಿಸಲು ಗೂಡಿನಲ್ಲಿ ದೀಪ ಹಾಕಿ ಅಂತ ಕೆಲವರು ಹೇಳುತ್ತಾರೆ. ನಾನು ಹಾಕುವುದಿಲ್ಲ. ಆ ಎರಡು ತಿಂಗಳು ಅವು ಜೀವ ಉಳಿಸಿಕೊಂಡರೆ ಸಾಕು.

ಕೋಳಿ ತೂರಾಡಿ ಬಿದ್ದರೆ ಗಾಬರಿಯಲ್ಲಿ ಐಸ್ ನೀರಿಗೆ ಹಾಕಬೇಡಿ. ಬಕೆಟ್‌ನಲ್ಲಿ ತಣ್ಣಗಿನ ನಲ್ಲಿ ನೀರು ತುಂಬಿ ಕಾಲು, ಹೊಟ್ಟೆ ಮುಳುಗುವಷ್ಟು ಇಳಿಸಿ, ತಲೆ ಮೇಲಿರಲಿ. ಕೆಂಪಿಯನ್ನು, ಅಂದರೆ ನಮ್ಮ ರೋಡ್ ಐಲ್ಯಾಂಡ್ ರೆಡ್ ಕೋಳಿಯನ್ನು, ಆ ಮಧ್ಯಾಹ್ನ ಹೀಗೇ ಉಳಿಸಿದ್ದು. ಆಮೇಲೆ ಬಚ್ಚಲುಮನೆಯ ತಂಪು ನೆಲದ ಮೇಲೆ ಸಂಜೆವರೆಗೂ ಇಟ್ಟುಕೊಂಡಿದ್ದೆವು.

ಖರ್ಚಿನ ಲೆಕ್ಕ ಕೇಳುವವರಿಗೆ: ಆರು ಕೋಳಿಗೆ 22 ಕಿಲೋ ಮೇವಿನ ಮೂಟೆ ತಿಂಗಳಿಗೆ ಒಂದು ಸಾಕು. ಹಕ್ಕಿ ಜ್ವರದಿಂದ 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ ಆರು ಡಾಲರ್ ದಾಟಿತು. ಆಗ ಇಲ್ಲಿನ ಕನ್ನಡದ ಗೆಳೆಯರು ಎಷ್ಟೋ ಜನ ಕೋಳಿ ಸಾಕಬೇಕು ಅಂತ ಫೋನ್ ಮಾಡಿದರು. ಬರೀ ಮೊಟ್ಟೆ ಉಳಿತಾಯಕ್ಕೆ ಬೇಡ ಅಂತಲೇ ನಾನು ಹೇಳಿದ್ದು. ಗೂಡು, ನೀರು, ನಿಮ್ಮ ಮಧ್ಯಾಹ್ನಗಳ ಲೆಕ್ಕ ಹಾಕಿದರೆ ಉಳಿತಾಯ ಇಲ್ಲ. ಕಾನೂನು ಈಗ ಸುಲಭವಾಗಿದೆ. 2024ರಲ್ಲಿ ಬಂದ ಅರಿಜೋನಾ ಕಾಯಿದೆ ಪ್ರಕಾರ ಅರ್ಧ ಎಕರೆ ಒಳಗಿನ ಒಂಟಿ ಮನೆಯಲ್ಲೂ ಆರು ಕೋಳಿ ಸಾಕುವುದನ್ನು ನಗರಸಭೆ ತಡೆಯುವ ಹಾಗಿಲ್ಲ. ಹುಂಜ ಬೇಡ ಅನ್ನಬಹುದು. ಬಡಾವಣೆ ಸಂಘದ ನಿಯಮ ಬೇರೆ, ಅದನ್ನು ಮೊದಲು ಕೇಳಿಕೊಳ್ಳಿ.

ಮರಿ ತರಲು ನನ್ನ ಪ್ರಕಾರ ಅಕ್ಟೋಬರ್ ಒಳ್ಳೇದು. ಚಳಿಗಾಲದಲ್ಲಿ ಬಲಿತು ಮಾರ್ಚ್, ಏಪ್ರಿಲ್‌ಗೆ ಮೊಟ್ಟೆ ಶುರುಮಾಡುತ್ತವೆ. ಬೇಸಿಗೆ ಬರುವಷ್ಟರಲ್ಲಿ ಎಲ್ಲಿ ನೀರು, ಎಲ್ಲಿ ನೆರಳು ಅಂತ ಕಲಿತಿರುತ್ತವೆ. ಅದಕ್ಕೂ ಒಂದು ವರ್ಷ ಮುಂಚಿನ ಅಕ್ಟೋಬರ್‌ನಲ್ಲಿ ಮರ ನೆಡಿ.

2025ರ ಬೇಸಿಗೆಯಲ್ಲಿ ಮೆಸ್ಕೀಟ್ ಗೂಡಿಗಿಂತ ಎತ್ತರವಾಗಿತ್ತು. ಮಧ್ಯಾಹ್ನ ಮೂರರ ಮೇಲೆ ಅದರ ನೆರಳು ಗೂಡಿನ ಅರ್ಧಕ್ಕೆ ಬರುತ್ತಿತ್ತು. ಬುಡದ ಸುತ್ತ ಬೆಳಗ್ಗೆ ನೀರು ಬಿಟ್ಟು ನೆಲ ಒದ್ದೆ ಮಾಡಿರುತ್ತಿದ್ದೆ. ಆರೂ ಕೋಳಿ ಅಲ್ಲಿ ಗುಳಿ ತೋಡಿಕೊಂಡು, ಹೊಟ್ಟೆಯನ್ನು ಒದ್ದೆ ಮಣ್ಣಿಗೆ ಒತ್ತಿ ಮಲಗುತ್ತಿದ್ದವು. ಒಂದೂ ಸಾಯಲಿಲ್ಲ. ಉಳಿದರ್ಧ ಗೂಡಿಗೂ ನೆರಳಾಗಲಿ ಅಂತ, ಬಿದ್ದ ಮರದ ಜಾಗದಲ್ಲಿ ಇನ್ನೊಂದು ಮೆಸ್ಕೀಟ್ ಸಸಿ ನೆಟ್ಟಿದ್ದೇವೆ. ಈ ಸಲ ಪೈಪು ಮೊದಲ ದಿನದಿಂದಲೇ ಬುಡದಿಂದ ಮೂರಡಿ ದೂರದಲ್ಲಿದೆ.