'ನನ್ನ', 'ನನ್ನದು' ಹಿಡಿದುಕೊಂಡು ಇಂಗ್ಲಿಷ್ ಪಾಠ

ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತೇನೆ. ಪೊಸೆಸಿವ್ ಅಡ್ಜೆಕ್ಟಿವ್ ('ಮೈ' ಥರದ್ದು), ಪೊಸೆಸಿವ್ ಪ್ರೊನೌನ್ ('ಮೈನ್' ಥರದ್ದು) ಎಂಬ ಹೆಸರುಗಳನ್ನು ಶುರುವಿನಲ್ಲಿ ಎತ್ತುವುದೇ ಇಲ್ಲ. ಹೆಸರು ಕೇಳಿಯೇ ಅರ್ಧ ಮಕ್ಕಳು ಕಿಟಕಿ ಕಡೆ ನೋಡುತ್ತಾರೆ. ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತೇನೆ: 'ಇದು ನನ್ನ ಪೆನ್ನು.' 'ಈ ಪೆನ್ನು ನನ್ನದು.'

'ನನ್ನ' ಅಂತ ಹೇಳಿ ಸುಮ್ಮನಾದರೆ ಕೇಳುವವರು 'ನಿನ್ನ ಏನು?' ಅಂತಾರೆ. 'ನನ್ನದು' ಅಂದರೆ ಅಲ್ಲಿಗೆ ಮಾತು ಮುಗಿಯಿತು. 'ಮೈ', 'ಮೈನ್' ಕೂಡ ಹೀಗೇ. ಕನ್ನಡದಲ್ಲಿ 'ದು' ಬಂದ ಕಡೆ ಇಂಗ್ಲಿಷಿನಲ್ಲಿ ಮೈನ್, ಯುವರ್ಸ್, ಹರ್ಸ್, ದೇರ್ಸ್. 'ಹಿಸ್' ಮಾತ್ರ ಎರಡೂ ಕಡೆ ಹಾಗೇ ಇರುತ್ತದೆ. ಒಂದು ಎಚ್ಚರಿಕೆ: ನಮ್ಮಲ್ಲಿ ವಸ್ತು ಜಾಸ್ತಿಯಾದರೆ 'ನನ್ನದು' ಹೋಗಿ 'ನನ್ನವು' ಆಗುತ್ತದೆ. ಇಂಗ್ಲಿಷಿನಲ್ಲಿ ಎಷ್ಟು ಪುಸ್ತಕ ಇದ್ದರೂ 'ಮೈನ್' ಒಂದೇ. 'ಮೈನ್ಸ್' ಅಂತ ಬರೆದವರಿಗೆ ಇಷ್ಟು ಹೇಳಿದರೆ ಸಾಕು.

ಇಲ್ಲಿಯವರೆಗೆ ಕನ್ನಡ ಕೈಹಿಡಿದು ನಡೆಸುತ್ತದೆ. ನನ್ನ ಜಾಸ್ತಿ ಸಮಯ ಹೋಗುವುದು ಅದು ಕೈಬಿಡುವ ಕಡೆ.

'ಕೈ ತೊಳೆದುಕೊಂಡೆ' ಅನ್ನುವುದನ್ನು ಮಕ್ಕಳು 'ಐ ವಾಶ್ಡ್ ಹ್ಯಾಂಡ್ಸ್' ಅಂತ ಬರೆಯುತ್ತಾರೆ. ಯಾರ ಕೈ ಅಂತ ನಾವು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. 'ಕೊಂಡೆ' ಅನ್ನುವುದರಲ್ಲೇ ಅದು ನನ್ನ ಕೈ ಅಂತ ಬಂದುಬಿಟ್ಟಿದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಈ 'ಕೊಳ್ಳು' ಇಲ್ಲ. ಹಾಗಾಗಿ ಆ ಕೆಲಸವನ್ನು 'ಮೈ' ಮಾಡಬೇಕು: 'ಐ ವಾಶ್ಡ್ ಮೈ ಹ್ಯಾಂಡ್ಸ್.' ನಾನು ಕೊಡುವ ಅಭ್ಯಾಸವೆಲ್ಲ ಬೆಳಗಿನ ಕೆಲಸಗಳೇ. ಹಲ್ಲುಜ್ಜಿಕೊಂಡ, ತಲೆ ಬಾಚಿಕೊಂಡಳು, ಚಪ್ಪಲಿ ಹಾಕಿಕೊಂಡರು. 'ಕೊಂಡ' ಕಂಡ ಕೂಡಲೇ ಹಿಸ್, ಹರ್, ದೇರ್ ಹುಡುಕಿ ಅನ್ನುತ್ತೇನೆ. ಎಲ್ಲ ಕಡೆ ನಡೆಯುವ ಸೂತ್ರ ಅಲ್ಲ ಇದು. 'ಮಲಗಿಕೊಂಡ' ಅನ್ನುವಲ್ಲಿ ಹುಡುಕಲು ಏನಿದೆ? ಮೈಕೈ, ಬಟ್ಟೆಬರೆಯ ಮಾತಿಗೆ ಮಾತ್ರ ಚೆನ್ನಾಗಿ ಒಗ್ಗುತ್ತದೆ.

ಇನ್ನೊಂದು ನಮ್ಮ ಮರ್ಯಾದೆಯ ತೊಡಕು. 'ಮೇಷ್ಟ್ರು ಅವರ ಕೊಡೆ ಮರೆತರು' ಅನ್ನುವುದು ಮಕ್ಕಳ ಕೈಯಲ್ಲಿ 'ದೇರ್ ಅಂಬ್ರೆಲಾ' ಆಗುತ್ತದೆ. ಒಬ್ಬರೇ ಮೇಷ್ಟ್ರು, ಗಂಡಸು ಅಂತ ಗೊತ್ತಿದ್ದರೆ ಸಾಮಾನ್ಯವಾಗಿ 'ಹಿಸ್'. ದೊಡ್ಡವರನ್ನು ಏಕವಚನದಲ್ಲಿ ಕರೆದ ಹಾಗಾಯ್ತಲ್ಲ ಅಂತ ಕೆಲವರಿಗೆ ನಿಜಕ್ಕೂ ಮುಜುಗರ. ಆ ಮುಜುಗರ ನನಗೆ ಇಷ್ಟವೇ. ಆದರೆ ಇಂಗ್ಲಿಷಿನ ಮರ್ಯಾದೆ ಬೇರೆ ಕಡೆ ಇದೆ, 'ಸರ್', 'ಪ್ಲೀಸ್' ಅನ್ನುವುದರಲ್ಲಿ. ಹಾಗಂತ ಒಬ್ಬರಿಗೆ 'ದೇರ್' ಬರುವುದೇ ಇಲ್ಲ ಅಂತಲೂ ಅಲ್ಲ. ಯಾರೋ ಗೊತ್ತಿಲ್ಲದವರು ಬ್ಯಾಗ್ ಬಿಟ್ಟು ಹೋದರೆ 'ಸಮ್‌ಒನ್ ಲೆಫ್ಟ್ ದೇರ್ ಬ್ಯಾಗ್' ಅನ್ನುವುದು ಸರಿಯಾದ ಇಂಗ್ಲಿಷೇ.

ಮನೆಗೆ ಒಬ್ಬನೇ ಮಗ 'ನಮ್ಮಮ್ಮ' ಅಂದರೆ ನಮಗೇನೂ ಅನಿಸುವುದಿಲ್ಲ. 'ಅವರ್ ಮದರ್' ಅಂದರೆ ಇಂಗ್ಲಿಷಿನವರು ಅಣ್ಣನೋ ತಂಗಿಯೋ ಇದ್ದಾರೆ ಅಂದುಕೊಳ್ಳುತ್ತಾರೆ. ಒಬ್ಬ ಮಾತಾಡುವಾಗ 'ಮೈ ಮದರ್' ಸಾಕು. ಸಾಲದ್ದಕ್ಕೆ 'ಅವರ್' ಅನ್ನುವ ಸದ್ದು ಕಿವಿಗೆ ನಮ್ಮ 'ಅವರ' ಥರವೇ ಕೇಳುತ್ತದೆ, ಅರ್ಥ ಮಾತ್ರ 'ನಮ್ಮ'. ಚಿಕ್ಕ ಮಕ್ಕಳು ಇಲ್ಲಿ ಖಂಡಿತ ಎಡವುತ್ತಾರೆ.

ಹಿಸ್, ಹರ್ ಆರಿಸುವುದು ಮಾತ್ರ ನಮಗೆ ಸುಲಭ. ಹಿಂದಿಯಲ್ಲಿ 'ಉಸ್‌ಕಾ', 'ಉಸ್‌ಕೀ' ವಸ್ತುವಿನ ಲಿಂಗ ನೋಡಿ ಬದಲಾಗುತ್ತವೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೋಡುವುದು ಯಜಮಾನನನ್ನು.

ಕೊನೆಗೆ 'ನನ್ನ ಒಬ್ಬ ಫ್ರೆಂಡ್' ತೆಗೆದುಕೊಳ್ಳುತ್ತೇನೆ. ಆಫೀಸಿಗೆ ಹೋಗುವ ದೊಡ್ಡವರೂ 'ಮೈ ಒನ್ ಫ್ರೆಂಡ್' ಅನ್ನುತ್ತಾರೆ. ಸರಿಯಾದದ್ದು 'ಎ ಫ್ರೆಂಡ್ ಆಫ್ ಮೈನ್', ಅಥವಾ 'ಒನ್ ಆಫ್ ಮೈ ಫ್ರೆಂಡ್ಸ್'. ಎರಡನೆಯದರಲ್ಲಿ 'ಫ್ರೆಂಡ್ಸ್' ಬಹುವಚನ, ಆ 'ಸ್' ಬಿಟ್ಟರೆ ಮಾರ್ಕ್ಸ್ ಹೋಗುತ್ತದೆ.