ಅಗಲದ ಸ್ಕೀ ಬೇಕು ಅಂತ ಹಠ ಹಿಡಿದವನು ನಾನು

ಅರೇಬಿಕಾ ಕುಯ್ಲು ಮುಗಿದು ರೋಬಸ್ಟಾ ಶುರುವಾಗುವ ಸಂದಿಯಲ್ಲಿ ಕಾಫಿ ತೋಟದಿಂದ ನನಗೆ ಸಿಗುವುದು ಎಂಟತ್ತು ದಿನ. ಆ ದಿನಗಳು ಕಾಶ್ಮೀರದ ಗುಲ್ಮಾರ್ಗಿಗೆ, ಅಲ್ಲಿನ ಹಿಮದ ಮೇಲೆ ಸ್ಕೀ ಕಟ್ಟಿ ಜಾರುವುದಕ್ಕೆ ಮೀಸಲು.

ಮೊದಲ ಸಲ ಬಾಡಿಗೆಗೆ ಸಿಕ್ಕಿದ್ದು ನಡುವೆ 74 ಮಿ.ಮೀ. ಅಗಲದ ಸಣಕಲು ಸ್ಕೀ. ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರಿನಲ್ಲಿ ಚೆನ್ನಾಗಿಯೇ ಓಡಿತು. ರಾತ್ರಿಯಿಡೀ ಹಿಮ ಬಿದ್ದ ಮರುದಿನ ಗೊಂಡೋಲಾ (ತಂತಿಯ ಮೇಲೆ ಓಡುವ ಡಬ್ಬಿ) ಹತ್ತಿ ಅಫರ್ವಟ್ ಬೆಟ್ಟಕ್ಕೆ ಹೋದೆ ನೋಡಿ, ಮೊಣಕಾಲುದ್ದ ಹೊಸ ಹಿಮ, ಎರಡು ತಿರುವು ಹಾಕುವಷ್ಟರಲ್ಲಿ ಸ್ಕೀ ಮೂತಿ ಒಳಗೆ ಹೂತು ನಾನು ಮುಗ್ಗರಿಸಿದೆ. ನಾಟಿ ಗದ್ದೆಯ ಕೆಸರಿನ ಹಾಗೆ. ಅಲ್ಲಿ ಹಲಗೆ ಹಾಕಿ ನಡೆದರೆ ಕಾಲು ಹೂಳುವುದಿಲ್ಲ ಅಲ್ವಾ? ಹೊಸ ಸಡಿಲ ಹಿಮಕ್ಕೆಂದೇ ಮಾಡಿದ ಪೌಡರ್ ಸ್ಕೀಯ ಅಗಲದ ಗುಟ್ಟೂ ಅಷ್ಟೇ.

ಮುಂದಿನ ವರ್ಷ ಕೊಳ್ಳಲೇಬೇಕು ಅಂತ ಹೊರಟೆ. ಮೊದಲು ಎರಡು ಜೋಡಿ ಬಾಡಿಗೆಗೆ ತಗೊಂಡೆ: ಎಲ್ಲ ಬಗೆಯ ಹಿಮಕ್ಕೂ ಆಗುವ 98 ಮಿ.ಮೀ.ನ ಆಲ್-ಮೌಂಟನ್, 116 ಮಿ.ಮೀ.ನ ಪೌಡರ್. ಅಂಗಡಿಯಲ್ಲೇ ಒಂದು ಜೋಡಿಯ ತಳಕ್ಕೆ ತಳ ಸೇರಿಸಿ ಬೆಳಕಿಗೆ ಹಿಡಿದು ನೋಡಿ. ಕಾಲಿಡುವ ಜಾಗದಲ್ಲಿ ಸಂದು ಕಂಡರೆ ಅದು ಕ್ಯಾಂಬರ್, ಗಟ್ಟಿ ಹಿಮದಲ್ಲಿ ಹಿಡಿತ ಕೊಡುವುದು ಅದೇ. ಮೂತಿಯ ಕಡೆ ಎರಡೂ ಎಲ್ಲಿಂದ ಬೇರೆಯಾಗುತ್ತವೋ ಅಲ್ಲಿಂದ ರಾಕರ್. ಅದು ಉದ್ದಕ್ಕಿದ್ದಷ್ಟೂ ಮೂತಿ ತೇಲುತ್ತದೆ. ಆಮೇಲೆ ಉಕ್ಕಿನ ಅಂಚಿನ ಮೇಲೆ ಉಗುರು ಅಡ್ಡಕ್ಕೆ ಎಳೆಯಿರಿ, ಬಿಳಿ ಪುಡಿ ಎದ್ದರೆ ಹರಿತ ಇದೆ. ಮೊಂಡಾದ ಸ್ಕೀ ಓಡಿಸಿ ಅದರ ಮಾಡೆಲ್ಲನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗ್ ಮಾತ್ರ ಸುಮ್ನೆ ಬಿಡಬೇಡಿ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀಯಲ್ಲಿ ನೀವೆಷ್ಟು ಪಳಗಿದ್ದೀರಿ ಎಲ್ಲ ಕೇಳಿಯೇ ಅದರ ಡಿನ್ ಸಂಖ್ಯೆ, ಅಂದರೆ ಎಷ್ಟು ಬಲ ಬಿದ್ದರೆ ಬೂಟು ಬಿಚ್ಚಿಕೊಳ್ಳಬೇಕು ಅನ್ನುವ ಅಳತೆ, ಇಡಬೇಕು. ನನ್ನದರಲ್ಲಿ ಹಿಂದಿನ ಗಿರಾಕಿಯ ಸಂಖ್ಯೆಯೇ ಇತ್ತು. ಬಿದ್ದಾಗ ಸ್ಕೀ ಬಿಚ್ಚಿಕೊಳ್ಳದೆ ಮಂಡಿ ತಿರುಚಿತು, ಒಂದು ದಿನ ಕೋಣೆಯಲ್ಲಿ ಕಹ್ವಾ ಕುಡಿದು ಕೂತೆ.

ಓಡಿಸಿ ನೋಡಿದ್ದು ಒಂದೇ ಬೂಟು, ಒಂದೇ ಇಳಿಜಾರು, ಒಂದೇ ದಿನ. ಬೆಳಿಗ್ಗೆ ಹೊಸ ಹಿಮದಲ್ಲಿ 116 ಅಂದರೆ ಮಜಾ, ದೋಣಿಯ ಹಾಗೆ ಮೇಲೆದ್ದು ತೇಲಿತು. ಮಧ್ಯಾಹ್ನ ಎಲ್ಲರೂ ತುಳಿದು ಗಡ್ಡೆಗಡ್ಡೆಯಾದ ಮೇಲೆ, ಗೊಂಡೋಲಾದ ನಡು ನಿಲ್ದಾಣ ಕೊಂಗ್ಡೋರಿಯಿಂದ ಕೆಳಗಿನ ಗಟ್ಟಿ ಹಿಮದಲ್ಲಿ, ಅದೇ ಸ್ಕೀಯನ್ನು ಅಂಚಿನ ಮೇಲೆ ವಾಲಿಸಲು ಮಂಡಿ ಬಿದ್ದುಹೋಯಿತು. 98 ಹೊಸ ಹಿಮದಲ್ಲಿ ಸ್ವಲ್ಪ ಮುಳುಗಿತು ನಿಜ, ತೂಕವನ್ನು ಪೂರಾ ಮುಂದೆ ಹಾಕದೆ ಪಾದದ ನಡುವೆ ಇಟ್ಟುಕೊಂಡರೆ ಸಾಕಿತ್ತು. ಉಳಿದ ಕಡೆ ಹೇಳಿದ ಹಾಗೆ ತಿರುಗಿತು. ಹಿಮಕುಸಿತದ ಭಯ ಇದ್ದ ದಿನ ಗೊಂಡೋಲಾದ ಮೇಲಿನ ಹಂತ ಮುಚ್ಚುತ್ತಾರೆ. ನನ್ನ ಎಂಟು ದಿನದಲ್ಲಿ ಮೂರು ಹಾಗೇ ಹೋಗಿದ್ದವು. ಅಂಥ ದಿನ ಕೆಳಗಿನ ಇಳಿಜಾರೇ ಗತಿ, ಅದಕ್ಕೇ 98 ತಗೊಂಡೆ, 176 ಸೆಂ.ಮೀ. ಉದ್ದದ್ದು. ನನ್ನ ಎತ್ತರಕ್ಕಿಂತ ಎರಡು ಸೆಂ.ಮೀ. ಜಾಸ್ತಿ.

ಮನೆಗೆ ತಂದ ಮೇಲೆ ಬೇರೆ ತಾಪತ್ರಯ. ನಮ್ಮ ಮಳೆಗೆ ಕತ್ತಿಯೇ ತುಕ್ಕು ಹಿಡಿಯುತ್ತದೆ, ಸ್ಕೀ ಅಂಚು ಬಿಡುತ್ತಾ? ಮೇ ತಿಂಗಳಲ್ಲೇ ಒಣಗಿಸಿ, ಬಿಸಿ ವ್ಯಾಕ್ಸನ್ನು ತಳದ ಜತೆ ಅಂಚಿಗೂ ದಪ್ಪಗೆ ಬಳಿದು, ಕೆರೆಯದೆ ಹಾಗೇ ಬಿಡುತ್ತೇನೆ. ಗುಲ್ಮಾರ್ಗಿಗೆ ಹೊರಡುವ ಮುಂಚೆ ಕೆರೆದರಾಯಿತು. ಇಡುವುದು ಅಡುಗೆಮನೆ ಒಲೆಯ ಗೋಡೆಯ ಆಚೆ ಬದಿ, ಕೋವಿ ಪಕ್ಕ.

ಸೆಪ್ಟೆಂಬರಿನ ಕೈಲ್ ಪೊಳ್ದ್‌ಗೆ, ಅಂದರೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬಕ್ಕೆ, ಕೋವಿ ತೆಗೆದು ಒರೆಸಿಟ್ಟಾಗ ಸ್ಕೀಯೂ ಹೊರಗೆ ಬಂತು. ಅವ್ವ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಕೈಯಲ್ಲಿ ಉಳಿದಿದ್ದ ಒಂದನ್ನು ಸ್ಕೀ ಮೂತಿಗೂ ಇಟ್ಟು ಕೇಳಿದರು, "ಇದರಲ್ಲಿ ಏನು ಹೊಡೀತೀಯೋ?"