ಲ್ಯಾಪ್‌ಟಾಪಿಗೆ ಸ್ಪೀಕರ್ ಕೊಳ್ಳಲು ಹೊರಟರೆ ಒಂದು ತಾಳಮದ್ದಳೆ ಜೊತೆಗಿರಲಿ

ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿದ್ದೀರಿ. ವಾಲ್ಯೂಮ್ ನೂರಕ್ಕೆ ನೂರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮುಖ್ಯವಾದ ಮಾತೇ ಕೇಳಲಿಲ್ಲ. ಹಿಂದಕ್ಕೆ ಎಳೆದು ಮತ್ತೆ ನೋಡಬೇಕು.

ತಪ್ಪು ಲ್ಯಾಪ್‌ಟಾಪಿನದ್ದಲ್ಲ. ಸದ್ದು ಮಾಡುವುದು ಅಂದರೆ ಗಾಳಿಯನ್ನು ತಳ್ಳುವುದು. ಅಷ್ಟು ತೆಳ್ಳಗಿನ ಪೆಟ್ಟಿಗೆಯೊಳಗೆ ಕೂತ ಪುಟ್ಟ ಸ್ಪೀಕರ್ ಎಷ್ಟು ಗಾಳಿ ತಳ್ಳೀತು? ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದರ ಬಾಯಿ ಇರುವುದೂ ತಳದಲ್ಲಿ. ಹಾಸಿಗೆ ಮೇಲಿಟ್ಟರೆ ಅದೂ ಮುಚ್ಚಿಹೋಯಿತು. ಹೊರಗಿನಿಂದ ಒಂದು ಜೋಡಿ ಸ್ಪೀಕರ್ ಸೇರಿಸುವುದೇ ದಾರಿ. ಅದಕ್ಕೆ ಸಾವಿರ, ಎರಡು ಸಾವಿರ ರೂಪಾಯಿ ಸಾಕು. ಒಮ್ಮೊಮ್ಮೆ ಅದೂ ಬೇಡ.

ಮೊದಲು ಮನೆಯ ಅಟ್ಟ ನೋಡಿ

ಹಳೆ ಹೋಮ್ ಥಿಯೇಟರ್, ಡಿವಿಡಿ ಪ್ಲೇಯರ್ ಕಾಲದ ಸ್ಪೀಕರ್, ಟಿವಿ ಕೆಳಗಿನ ಸೌಂಡ್‌ಬಾರ್ ಏನಾದರೂ ಇದೆಯಾ? ಅದರ ಹಿಂದೆ ಆಕ್ಸ್ ತೂತು (ಇಯರ್‌ಫೋನಿನಂಥ ಪಿನ್ ಹಿಡಿಸುವ ದುಂಡು ತೂತು) ಅಥವಾ ಕೆಂಪು-ಬಿಳಿ ಪಿನ್ ಹಾಕುವ ಜಾಗ ಇದ್ದರೆ ಹೊಸದು ಕೊಳ್ಳುವ ಅಗತ್ಯವೇ ಇಲ್ಲ. ಒಂದು ಕಡೆ 3.5 ಎಂಎಂ ಪಿನ್, ಇನ್ನೊಂದು ಕಡೆ ಕೆಂಪು-ಬಿಳಿ ಪಿನ್ ಇರುವ ಕೇಬಲ್ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸಿಗುತ್ತದೆ. ದೊಡ್ಡ ಪೆಟ್ಟಿಗೆಯ ಹಳೆ ಸ್ಪೀಕರ್ ಎದುರು ಹೊಸ ಅಗ್ಗದ ಸ್ಪೀಕರ್ ಅನೇಕ ಸಲ ಸೋಲುತ್ತದೆ.

ಲ್ಯಾಪ್‌ಟಾಪಿನ ತೂತು ಎಣಿಸಿ

ಅಟ್ಟದಲ್ಲಿ ಏನೂ ಇಲ್ಲವಾ? ಸರಿ, ಲ್ಯಾಪ್‌ಟಾಪಿನ ಎರಡೂ ಪಕ್ಕ ನೋಡಿ. ಇಯರ್‌ಫೋನ್ ಹಾಕುವ ದುಂಡು ಜಾಕ್ ಇದೆಯಾ, ಅದು ಸರಿಯಾಗಿದೆಯಾ? ಯುಎಸ್‌ಬಿ ಎಷ್ಟಿವೆ? ಮೌಸ್, ಪೆನ್‌ಡ್ರೈವ್ ಹಾಕಿದ ಮೇಲೆ ಒಂದಾದರೂ ಖಾಲಿ ಉಳಿಯುತ್ತದಾ?

ಇಲ್ಲೇ ಹೆಚ್ಚಿನವರು ಎಡವುವುದು. ‘ಯುಎಸ್‌ಬಿ ಸ್ಪೀಕರ್’ ಎಂದು ಮಾರುವುದರಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಯುಎಸ್‌ಬಿಯಿಂದ ಬರುವುದು ಬರೀ ಕರೆಂಟು. ಸದ್ದಿಗೆ ಬೇರೆ ವೈರ್ ಇರುತ್ತದೆ, ಅದನ್ನು ಜಾಕಿಗೆ ಹಾಕಬೇಕು. ಇನ್ನೊಂದರಲ್ಲಿ ಕರೆಂಟು, ಸದ್ದು ಎರಡೂ ಒಂದೇ ವೈರಿನಲ್ಲಿ. ಜಾಕ್ ಕೆಟ್ಟುಹೋಗಿದ್ದರೆ ಮೊದಲನೆಯದು ತಂದು ಉಪಯೋಗವಿಲ್ಲ. ಡಬ್ಬದ ಮೇಲಿನ ಚಿತ್ರದಲ್ಲಿ ಎಷ್ಟು ಪಿನ್ ಇವೆ ಅಂತ ಎಣಿಸಿದರೆ ಗೊತ್ತಾಗುತ್ತದೆ. ಜಾಕ್ ಕೆಟ್ಟಿದ್ದೂ ಮೊದಲ ಜಾತಿಯದ್ದೇ ಇಷ್ಟವಾದರೆ, ಯುಎಸ್‌ಬಿಗೆ ಚುಚ್ಚಿದರೆ ಹೊಸ ಜಾಕ್ ಕೊಡುವ ಬೆರಳುದ್ದದ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ, ಕೆಲವೇ ನೂರು ರೂಪಾಯಿಗೆ.

ವ್ಯಾಟ್ ಲೆಕ್ಕ

ಟೇಪ್ ರೆಕಾರ್ಡರ್ ಕಾಲದವರಿಗೆ ‘ಪಿಎಂಪಿಒ’ ನೆನಪಿರಬಹುದು. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಸೆಟ್ಟಿನ ಮೇಲೆ ಸಾವಿರಾರು ವ್ಯಾಟ್ ಅಂತ ಬರೆದಿರುತ್ತಿದ್ದರು. ಅಷ್ಟು ವ್ಯಾಟ್ ನಿಜವಾಗಿದ್ದರೆ ಅದರ ಮೇಲೆ ದೋಸೆ ಹುಯ್ಯಬಹುದಿತ್ತು. ಈಗ ಆ ಹೆಸರು ಕಡಿಮೆಯಾಗಿದೆ, ‘ಪೀಕ್’ ಎಂಬ ಹೆಸರಲ್ಲಿ ಅದೇ ಆಟ ಮುಂದುವರಿದಿದೆ. ನೀವು ನೋಡಬೇಕಾದದ್ದು ‘ಆರ್‌ಎಂಎಸ್’ ಅಂಕಿ. ಸ್ಪೀಕರ್ ಬಿಡದೆ ಕೊಡಬಲ್ಲ ಶಕ್ತಿ ಅದು.

ಯುಎಸ್‌ಬಿ ಕರೆಂಟಿನ ಸ್ಪೀಕರಾದರೆ ನೀವೇ ಲೆಕ್ಕ ಹಾಕಬಹುದು. ಮಾಮೂಲಿ ಯುಎಸ್‌ಬಿ 2.0 ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವ್ಯಾಟ್. ಯುಎಸ್‌ಬಿ 3.0 ಆದರೆ ನಾಲ್ಕೂವರೆ. ಒಳಗೆ ಹೋಗುವುದೇ ಇಷ್ಟು ಅಂದಮೇಲೆ ‘20 ವ್ಯಾಟ್’ ಹೊರಗೆ ಬರುವುದು ಎಲ್ಲಿಂದ? ಲಾಜಿಟೆಕ್‌ನ ಜೆಡ್120 ಸ್ಪೀಕರಿನ ಆರ್‌ಎಂಎಸ್ 1.2 ವ್ಯಾಟ್. ಕ್ರಿಯೇಟಿವ್ ಕಂಪನಿಯ ಮೊದಲ ಪೆಬಲ್‌ನದ್ದು 4.4 ವ್ಯಾಟ್. ಎರಡನ್ನೂ ಜನ ಇಷ್ಟಪಟ್ಟು ಕೊಂಡಿದ್ದಾರೆ. ಮೇಜಿನ ಮುಂದೆ ಕೂತು ಕೇಳುವವರಿಗೆ ಅಷ್ಟು ಸಾಕು.

ಇನ್ನೊಂದು ವಿಷಯ. ವ್ಯಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಬರೀ 3 ಡೆಸಿಬೆಲ್ ಏರುತ್ತದೆ. ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 6 ವ್ಯಾಟಾ 8 ವ್ಯಾಟಾ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಎರಡು ಪೆಟ್ಟಿಗೆಯಾ, ಮೂರಾ?

ಸ್ಪೀಕರ್ ಡಬ್ಬದ ಮೇಲೆ 2.0 ಅಂತಿದ್ದರೆ ಎಡಕ್ಕೊಂದು, ಬಲಕ್ಕೊಂದು ಪೆಟ್ಟಿಗೆ ಎಂದರ್ಥ. 2.1 ಅಂದರೆ ಜೊತೆಗೆ ಬಾಸ್‌ಗೆ, ಅಂದರೆ ತಗ್ಗು ನಾದಕ್ಕೆ, ಸಬ್‌ವೂಫರ್ ಎಂಬ ಇನ್ನೊಂದು ಪೆಟ್ಟಿಗೆ. ಎರಡೂ ಒಂದೇ ಬೆಲೆಗೆ ಸಿಕ್ಕರೆ ನನ್ನ ಆಯ್ಕೆ 2.0. ಅದೇ ದುಡ್ಡನ್ನು ಮೂರು ಪೆಟ್ಟಿಗೆಗೆ ಹಂಚಿದರೆ ಮೂರೂ ಬಡಕಲಾಗುತ್ತವೆ. ಅಗ್ಗದ ಸಬ್‌ವೂಫರ್ ಬಾಸ್ ಕೊಡುವುದಿಲ್ಲ, ಸುಮ್ನೆ ಗುಂಯ್‌ಗುಡುತ್ತದೆ. ಪಾಠ, ಭಾಷಣ, ಸುದ್ದಿ ಕೇಳುವವರಿಗಂತೂ ಅದು ಬರೀ ಅಡ್ಡಿ.

ಬ್ಲೂಟೂತ್ ಸ್ಪೀಕರ್ ಅಡುಗೆಮನೆಗೂ ಒಯ್ಯಬಹುದು, ಒಪ್ಪಿದೆ. ಆದರೆ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ವಿಡಿಯೊ ಆ್ಯಪ್‌ಗಳು ಸಾಮಾನ್ಯವಾಗಿ ಇದನ್ನು ಸರಿದೂಗಿಸುತ್ತವೆ. ಗೇಮ್ ಆಡುವವರಿಗೆ ಮಾತ್ರ ಗುಂಡು ಹಾರಿದ ಮೇಲೆ ಢಂ ಅನ್ನುತ್ತದೆ. ಬ್ಲೂಟೂತ್ ಬೇಕೇ ಬೇಕು ಅನ್ನುವವರು ಆಕ್ಸ್ ತೂತೂ ಇರುವುದನ್ನು ತನ್ನಿ.

ಅಂಗಡಿಯಲ್ಲಿ ಏನು ಹಾಕಿ ಕೇಳಬೇಕು

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ಕೊಡುವ ನಿಯಮ ಓದಿ, ಬಿಲ್ ಇಟ್ಟುಕೊಳ್ಳಿ. ಆದರೆ ಆದಷ್ಟೂ ಅಂಗಡಿಗೆ ಹೋಗಿ. ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದ್ದೇ ಇದೆ. ನಿಮ್ಮದೇ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ. ಅಂಗಡಿಯವರು ಹಾಕುವ ಡಿಜೆ ಹಾಡು ಕೇಳಿ ಮರುಳಾಗಬೇಡಿ. ಆ ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳಿಸುತ್ತದೆ.

ನಾನು ಒಯ್ಯುವುದು ಒಂದು ತಾಳಮದ್ದಳೆ. ಚೆನ್ನಾಗಿ ರೆಕಾರ್ಡ್ ಆಗಿರಬೇಕು, ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿ ಬಂದ ಫೈಲ್ ಬೇಡ. ಭಾಗವತರ ಏರುದನಿ, ಚೆಂಡೆಯ ಚುರುಕು ಪೆಟ್ಟು, ಮದ್ದಳೆಯ ತುಂಬು ನಾದ, ಆಮೇಲೆ ಅರ್ಥಧಾರಿಯ ಓಡುವ ಮಾತು, ಎಲ್ಲ ಒಂದರಲ್ಲೇ ಸಿಗುತ್ತದೆ. ಚೆಂಡೆ ತಗಡು ಬಡಿದಂತೆ ಕೇಳಿದರೆ ಟ್ರೆಬಲ್, ಅಂದರೆ ಚುರುಕು ನಾದ, ಜಾಸ್ತಿ. ಮದ್ದಳೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳದೆ ಮುದ್ದೆಯಾದರೆ ಬಾಸ್ ಸರಿಯಿಲ್ಲ. ಮಾತು ಶುರುವಾದಾಗ ವಾಲ್ಯೂಮ್ ಕಾಲು ಭಾಗಕ್ಕೆ ಇಳಿಸಿ. ಆಗಲೂ ಪ್ರತಿ ಪದ ತಿಳಿಯಬೇಕು. ‘ಸ’, ‘ಶ’ ಬಂದಲ್ಲೆಲ್ಲ ಉಸ್ ಅನ್ನಬಾರದು. ನಿಮಗೆ ಯಕ್ಷಗಾನ ಆಗದಿದ್ದರೆ ಮೃದಂಗ ಇರುವ ಕಛೇರಿ ಒಂದನ್ನು ಒಯ್ಯಿರಿ, ಜೊತೆಗೆ ಸುದ್ದಿ ಓದುವ ದನಿಯೂ ಇರಲಿ.

ಇನ್ನು ಪೂರ್ತಿ ವಾಲ್ಯೂಮ್ ಇಟ್ಟು ಪೆಟ್ಟಿಗೆ ಗರಗರ ಅನ್ನುತ್ತದಾ ನೋಡಿ. ಹಾಡು ನಿಲ್ಲಿಸಿ, ಖಾಲಿ ಇದ್ದಾಗ ಸುಯ್ ಅನ್ನುತ್ತದಾ ಕೇಳಿ. ವಾಲ್ಯೂಮ್ ತಿರುಪು ತಿರುಗಿಸಿದಾಗ ಕರಕರ ಬಂದರೆ ಬೇರೆ ಪೀಸ್ ಕೇಳಿ. ವೈರಿನ ಉದ್ದವನ್ನೂ ನೋಡಿ. ಕೆಲವದರಲ್ಲಿ ಎಷ್ಟು ಗಿಡ್ಡ ಅಂದರೆ ಎರಡೂ ಸ್ಪೀಕರನ್ನು ಒಂದೇ ಪಕ್ಕ ಇಡಬೇಕಾಗುತ್ತದೆ.

ಮನೆಗೆ ತಂದ ಮೇಲೆ

ಎರಡು ಸ್ಪೀಕರ್ ನಡುವೆ ಎಷ್ಟು ದೂರವೋ, ಅವುಗಳಿಂದ ನಿಮ್ಮ ತಲೆಗೂ ಸುಮಾರು ಅಷ್ಟೇ ದೂರ ಇರಲಿ. ಮುಖ ನಿಮ್ಮ ಕಿವಿಯ ಕಡೆ ತಿರುಗಿರಲಿ. ಗಿಡ್ಡ ಸ್ಪೀಕರಾದರೆ ಕೆಳಗೆ ಎರಡು ದಪ್ಪ ಪುಸ್ತಕ ಇಡಿ. ಗೋಡೆಯ ಮೂಲೆಗೆ ತಳ್ಳಿದರೆ ಬಾಸ್ ಉಬ್ಬಿ ಮಾತು ಮಸುಕಾಗುತ್ತದೆ.

ಒಮ್ಮೆ ನನ್ನ ಹೊಸ ಸ್ಪೀಕರ್ ಮನೆಯಲ್ಲಿ ಒಂದೇ ಸಮನೆ ಗುಂಯ್ ಅನ್ನತೊಡಗಿತು. ಕೋಪದಿಂದ ಡಬ್ಬ ಸಮೇತ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ನನ್ನ ಲ್ಯಾಪ್‌ಟಾಪಿಗೇ ಜೋಡಿಸಿದ, ಸದ್ದೇ ಇಲ್ಲ. “ಮನೇಲಿ ಚಾರ್ಜಿಗೆ ಹಾಕಿದ್ರಾ ಸಾರ್?” ಅಂದ. ತನ್ನ ಚಾರ್ಜರ್ ತಂದು ಚುಚ್ಚಿದ, ಗುಂಯ್ ಶುರುವಾಯಿತು. ಕಿತ್ತ, ನಿಂತಿತು. ನಾನು ತೆಪ್ಪಗೆ ಡಬ್ಬ ಮುಚ್ಚಿದೆ.

ನಿಮಗೂ ಹೀಗಾದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಸ್ಪೀಕರ್ ಸರಿಯಿದೆ ಎಂದರ್ಥ. ಚಾರ್ಜರನ್ನು ಅರ್ತಿಂಗ್ ಸರಿಯಿರುವ ಬೇರೆ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿ. ಸ್ಪೀಕರಿನ ಯುಎಸ್‌ಬಿಯನ್ನು ಲ್ಯಾಪ್‌ಟಾಪಿನ ಬದಲು ಮೊಬೈಲ್ ಚಾರ್ಜರಿಗೆ ಹಾಕಿ. ಬರೀ ಕರೆಂಟಿಗೆ ಯುಎಸ್‌ಬಿ ಇರುವ ಸ್ಪೀಕರಿಗೆ ಮಾತ್ರ ಇದು ನಡೆಯುತ್ತದೆ. ಅಷ್ಟಕ್ಕೂ ಜಗ್ಗದಿದ್ದರೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಚಿಕ್ಕ ಡಬ್ಬಿ ಸಿಗುತ್ತದೆ. ಆಡಿಯೊ ವೈರಿನ ನಡುವೆ ಅದನ್ನು ಸೇರಿಸಿದರಾಯಿತು.